ಪದವಿ ಎಂಬ ಎರಡರ್ಥದ ಮಾತು

ಕನ್ನಡದಲ್ಲಿ ಪದವಿ ಎಂಬ ಮಾತಿಗೆ ಎರಡರ್ಥವುಂಟು. ವಿಶ್ವವಿದ್ಯಾಲಯವು ಕೊಡುವುದೂ ಪದವಿ, ಸರ್ಕಾರವು ಕೊಡುವುದೂ ಪದವಿ. ಬಿ.ಎ. ಪದವಿ ಎನ್ನುವ ನಾಲಗೆಯೇ ದಿವಾನ್ ಪದವಿ ಎಂದೂ ಹೇಳುತ್ತದೆ. ಆದುದರಿಂದ ಈಚಿನ ವರ್ಷಗಳಲ್ಲಿ ಪ್ರವೇಶದ ಕಾಲ ಬಂದಾಗಲೆಲ್ಲ ಕಿವಿಗೆ ಬೀಳುವ 'ಉದ್ಯೋಗಾಧಾರಿತ ಪದವಿ' ಎಂಬ ಮಾತು ನನಗೆ ಪುನರುಕ್ತಿಯಂತೆ ತೋರುತ್ತದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳವರು ಉದ್ಯೋಗವನ್ನು ಬದಿಗಿಟ್ಟು ಮಗನನ್ನು ಕಾಲೇಜಿಗೆ ಕಳುಹಿಸಿದ್ದು ಯಾವ ಕಾಲದಲ್ಲಿ?

ಸೂಲಿಬೆಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಮಾತನ್ನು ವಿಚಾರಮಾಡೋಣ. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿರುವ ಹೋಬಳಿಯಿದು. ಹಿಪ್ಪುನೇರಳೆ, ರಾಗಿ, ದ್ರಾಕ್ಷಿ ಬೆಳೆಯುವ ಬಯಲುಸೀಮೆಯ ನೆಲ. ನದಿಯಿಲ್ಲ, ಕೆರೆಯೇ ಗತಿ. ಇದರ ಉತ್ತರಕ್ಕೆ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿ, ಅದರಾಚೆಗೆ ಗೌರಿಬಿದನೂರಿನ ಹೊಸೂರು, ಆಗ್ನೇಯಕ್ಕೆ ಮಾಲೂರಿನ ಮಾಸ್ತಿ. ಈ ಮೂರು ಊರುಗಳಿಂದ ಓದಲು ಹೊರಟ ಮೂವರ ಕಥೆಯಲ್ಲಿ ಈ ಸೀಮೆಯ ವಿದ್ಯಾಭ್ಯಾಸದ ಚರಿತ್ರೆ ಬಹಳಮಟ್ಟಿಗೆ ಅಡಗಿದೆ.

ಮೊದಲನೆಯವರು ವಿಶ್ವೇಶ್ವರಯ್ಯನವರು. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆದ ಸಂಸ್ಥೆಯಲ್ಲಿ ಅವರು ಓದಿದರು. ಆಗ ನಮ್ಮ ಸೀಮೆಗೆ ಸ್ವಂತ ವಿಶ್ವವಿದ್ಯಾಲಯವಿರಲಿಲ್ಲ. ಪರೀಕ್ಷೆಯೂ ಪದವಿಯೂ ಮದರಾಸಿನವು. ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು 1881ರಲ್ಲಿ ಬಿ.ಎ. ಮಾಡಿದ ಮೇಲೆ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಇಲ್ಲಿ ಕಾಣಬೇಕಾದುದು ಅವರ ಮೇಧಾಶಕ್ತಿಯೊಂದನ್ನೇ ಅಲ್ಲ. ಮನೆಪಾಠದ ಆ ನಾಲ್ಕು ಕಾಸು, ಅನಂತರ ಆ ವಿದ್ಯಾರ್ಥಿವೇತನ: ಇವೆರಡರಲ್ಲಿ ಒಂದು ತಪ್ಪಿದ್ದರೂ ಮುದ್ದೇನಹಳ್ಳಿಯ ಹುಡುಗ ಪುಣೆಯನ್ನು ಕಾಣುತ್ತಿರಲಿಲ್ಲ.

ಎರಡನೆಯವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮುಗಿಸಿ 1914ರಲ್ಲಿ ಮೈಸೂರು ಸಿವಿಲ್ ಸರ್ವಿಸನ್ನು ಸೇರಿದರು. ಸಾಹಿತ್ಯದ ಪದವಿಯಿಂದ ಉದ್ಯೋಗವೇನು ಎಂದು ಇಂದು ಮೂಗು ಮುರಿಯುವವರು ಇದನ್ನು ನೆನೆಯಬೇಕು. ಆ ಕಾಲದಲ್ಲಿ ಶೇಕ್ಸ್‌ಪಿಯರನನ್ನು ಓದಿಕೊಂಡವನೇ ಕಂದಾಯದ ಲೆಕ್ಕ ನೋಡುತ್ತಿದ್ದ, ಕ್ಷಾಮದ ವರ್ಷದಲ್ಲಿ ರೈತರ ಅಹವಾಲು ಕೇಳುತ್ತಿದ್ದ. ಬಿ.ಎ.ಯೇ ನಮ್ಮ ಮೊದಲ ಉದ್ಯೋಗಾಧಾರಿತ ಪದವಿ. ಏಕೆಂದರೆ ಉದ್ಯೋಗ ಕೊಡುವ ಒಡೆಯ ಸರ್ಕಾರವೊಂದೇ ಆಗಿತ್ತು, ಮತ್ತು ಆ ಒಡೆಯನಿಗೆ ಬೇಕಾಗಿದ್ದುದು ಬಿ.ಎ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯವಿದು. ಕಲೆಯ ತರಗತಿಗಳು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೂ ವಿಜ್ಞಾನದವು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಎಂದು ಏರ್ಪಾಡಾಯಿತು. ಮರುವರ್ಷವೇ, 1917ರಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. ತಾವು ಪುಣೆಗೆ ಹೋಗಬೇಕಾಗಿ ಬಂದುದನ್ನು ಅವರು ಮರೆತಿರಲಾರರು. ಹೆಬ್ಬಾಳದಲ್ಲಿ ಬೇಸಾಯದ ಶಾಲೆ ಅದಕ್ಕೂ ಮೊದಲೇ, 1913ರಲ್ಲಿ, ಆರಂಭವಾಗಿತ್ತು. ಜ್ಞಾನವೋ ಕಸುಬೋ ಎಂಬ ಜಗಳವನ್ನು ನಾವು ಇಂದಿನದೆಂದು ತಿಳಿದಿದ್ದೇವೆ. ನಮ್ಮ ವಿಶ್ವವಿದ್ಯಾಲಯದ ತೊಟ್ಟಿಲಲ್ಲಿ ಅವೆರಡೂ ಅವಳಿಗಳಾಗಿ ಮಲಗಿದ್ದವು.

ನಿಜವಾದ ಜಗಳ ಬೇರೊಂದಿತ್ತು. ಪದವಿಯ ಮೂಲಕ ಹುದ್ದೆ ದೊರೆಯುವುದಾದರೆ, ಆ ಪದವಿಯ ಬಾಗಿಲವರೆಗೆ ಬರಬಲ್ಲವರು ಯಾರು? ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದ್ದೂ, 1917ರಲ್ಲಿ ಪ್ರಜಾಮಿತ್ರ ಮಂಡಳಿ ಕೂಡಿದ್ದೂ ಈ ಪ್ರಶ್ನೆಯ ಕಾವಿನಿಂದಲೇ. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಗೆ ದಿವಾನಗಿರಿಯನ್ನು ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ವರ್ಗಗಳಿಗೆ ಸಲ್ಲಬೇಕೆಂದು ಸಮಿತಿ ಶಿಫಾರಸು ಮಾಡಿತು. ಈ ಇಬ್ಬರು ಹಿರಿಯರ ಭಿನ್ನಾಭಿಪ್ರಾಯದಲ್ಲಿ ನಾನು ಮಹಾರಾಜರ ಕಡೆಗೆ ವಾಲುತ್ತೇನೆ. ಮನೆಪಾಠ ಹೇಳಿ ಓದಿದವರಿಗೆ ಅರ್ಹತೆಯ ಹಿಂದಿರುವ ಅನ್ನದ ಲೆಕ್ಕ ತಿಳಿಯದೆ ಹೋದುದು ಆಶ್ಚರ್ಯವೇ. ಮನೆಪಾಠ ಹೇಳುವುದಕ್ಕೂ ಮೊದಲು ಅಕ್ಷರವಿದ್ದ ಮನೆಯಲ್ಲಿ ಹುಟ್ಟಿರಬೇಕಷ್ಟೆ.

ಅನ್ನದ ಲೆಕ್ಕ ಎಂದೆ. ನಮ್ಮ ವಿದ್ಯಾರ್ಥಿಜೀವನದ ಚರಿತ್ರೆಯನ್ನು ಬರೆಯುವವರು ಪಠ್ಯಪಟ್ಟಿಗಳನ್ನು ಹುಡುಕುವುದಕ್ಕಿಂತ ಛತ್ರಗಳ ದಾಖಲೆಯನ್ನು ತೆರೆಯುವುದು ಮೇಲು. ಕೆಲವು ಜಾತಿಗಳ ಬಡ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಯಾವ ವಾರ ತಪ್ಪಿತೋ ಆ ದಿನ ನೀರೇ ಊಟ. ವಾರಾನ್ನಕ್ಕೆ ಕರೆಯುವ ಮನೆಗಳೇ ಇಲ್ಲದ ಜಾತಿಗಳ ಹುಡುಗರಿಗೆ ಹಾಸ್ಟೆಲ್ಲುಗಳು ಏಳಬೇಕಾಯಿತು. ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲ್ವೆ ನಿಲ್ದಾಣದ ಬಳಿ 1903ರಲ್ಲಿ ಕಟ್ಟಿಸಿದ ಛತ್ರದ ಹೆಸರಿನೊಂದಿಗೆ ವಿದ್ಯಾರ್ಥಿನಿಲಯವೂ ಸೇರಿಕೊಂಡಿದೆ. ಸಂಘಗಳು, ಮಠಗಳು, ಕೊನೆಗೆ ಸರ್ಕಾರ ಒಂದೊಂದಾಗಿ ಕೈಹಾಕಿದವು. 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗದ ತರುವಾಯ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ತಾಲ್ಲೂಕು ಕೇಂದ್ರಗಳ ಪರಿಚಿತ ಕಟ್ಟಡಗಳಾದವು. ತಗಡಿನ ಟ್ರಂಕು, ಮನೆಯಿಂದ ತಂದ ಚಟ್ನಿಪುಡಿ, ರಾತ್ರಿ ದೀಪ ಆರಿಸುವ ವಾರ್ಡನ್ನು: ಇವುಗಳ ನೆನಪಿಲ್ಲದ ಪದವೀಧರರು ನಮ್ಮ ತಲೆಮಾರಿನಲ್ಲಿ ಕಡಿಮೆ.

ಮೂರನೆಯವರು ಎಚ್. ನರಸಿಂಹಯ್ಯನವರು. 1920ರಲ್ಲಿ ಹೊಸೂರಿನ ಬಡಮನೆಯೊಂದರಲ್ಲಿ ಹುಟ್ಟಿದ ಇವರು ಬಸ್ಸಿನ ಖರ್ಚಿಗೆ ಇಲ್ಲದೆ ಎರಡು ದಿನ ನಡೆದು ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಅಮೆರಿಕದ ಓಹಿಯೊದಲ್ಲಿ ಡಾಕ್ಟರೇಟ್ ಪಡೆದು ಬಂದರೂ ಹಾಸ್ಟೆಲ್ಲಿನ ಕೋಣೆಯೊಂದನ್ನು ಕೊನೆಯವರೆಗೂ ಬಿಡಲಿಲ್ಲ. ಸೆಂಟ್ರಲ್ ಕಾಲೇಜನ್ನೂ ಎಂಜಿನಿಯರಿಂಗ್ ಕಾಲೇಜನ್ನೂ ತಳಹದಿಯಾಗಿಟ್ಟುಕೊಂಡು 1964ರ ಜುಲೈಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತ್ತು. 1972ರಿಂದ 1977ರವರೆಗೆ ನರಸಿಂಹಯ್ಯನವರು ಅದರ ಕುಲಪತಿಗಳು. ಅಣುವಿಜ್ಞಾನಿಯಾದ ಈ ಬ್ರಹ್ಮಚಾರಿ ಅಲ್ಲಿ ನಾಟಕ, ನೃತ್ಯ, ಸಂಗೀತಗಳಿಗೆ ವಿಭಾಗವನ್ನು ತೆರೆದರು! ಹಸಿವನ್ನು ಕಂಡವರು ಹೊಟ್ಟೆಪಾಡಿನ ವಿದ್ಯೆಯೊಂದೇ ಸಾಕೆನ್ನುತ್ತಾರೆಂದು ನಾವು ಊಹಿಸುತ್ತೇವೆ. ಅದು ಬಹುಮಟ್ಟಿಗೆ ಹೊಟ್ಟೆ ತುಂಬಿದವರ ಊಹೆ.

ಅವರ ಕಾಲದಲ್ಲಿಯೇ ವಿಶ್ವವಿದ್ಯಾಲಯವು ಊರಿನ ಪಶ್ಚಿಮಕ್ಕೆ, ಸಾವಿರಕ್ಕೂ ಹೆಚ್ಚು ಎಕರೆಯ ಜ್ಞಾನಭಾರತಿಗೆ ಸರಿಯಿತು. ಆವರಣವೇನೋ ಭವ್ಯ. ಆದರೆ ಸೂಲಿಬೆಲೆಯಿರುವುದು ಬೆಂಗಳೂರಿನ ಈಶಾನ್ಯಕ್ಕೆ. ಎಂ.ಎಸ್ಸಿ. ಓದಬೇಕಾದ ಹುಡುಗ ಹೊಸಕೋಟೆಗೆ ಒಂದು ಬಸ್ಸು, ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಮೈಸೂರು ರಸ್ತೆಗೆ ಮತ್ತೊಂದು ಬಸ್ಸು ಹಿಡಿದು ಇಡೀ ನಗರವನ್ನು ಅಡ್ಡ ಹಾಯಬೇಕು. ಹಾಸ್ಟೆಲ್ಲು ಸಿಕ್ಕಿದವನು ಓದಿದ. ಸಿಗದವನು ಬಸ್ಸಿನಲ್ಲಿ ತೂಕಡಿಸಿದ.

ಈ ಜ್ಞಾನಭಾರತಿಯಲ್ಲಿ ನೆಲೆಗೊಂಡ ರೇಷ್ಮೆ ವಿಭಾಗದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೂಲಿಬೆಲೆ, ವಿಜಯಪುರ, ಶಿಡ್ಲಘಟ್ಟದ ಸುತ್ತಿನ ಮನೆಗಳ ಕಸುಬು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು ಇಲ್ಲಿ. ರೇಷ್ಮೆಯನ್ನು ಕ್ರಮವಾಗಿ ಕಲಿಸುವ ಪ್ರಯತ್ನ ನಮ್ಮಲ್ಲಿ ಹಳೆಯದೇ. ಜಮ್‌ಷೇಟ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಪಾನೀ ದಂಪತಿಗಳನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ. ಆದರೆ ಬಿ.ಎಸ್ಸಿ.ಯಲ್ಲಿ ರೇಷ್ಮೆಯೊಂದು ಐಚ್ಛಿಕ ವಿಷಯವಾಗಿ, ಅದರಲ್ಲಿ ಎಂ.ಎಸ್ಸಿ. ಕೂಡ ಬಂದಾಗ ನಡೆದುದು ಬೇರೆ ಬಗೆಯ ಮಾತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ ಎಂದು ತರಗತಿಯಲ್ಲಿ ಬರೆದುಕೊಂಡ ಹುಡುಗಿಯ ಮನೆಯಲ್ಲಿ ತಾಯಿ ಅದನ್ನೇ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಿದ್ದಳು. ಚಂದ್ರಿಕೆಗೆ ಹಣ್ಣುಹುಳು ಬಿಡುವ ಹೊತ್ತನ್ನು ಆ ತಾಯಿ ಮೈಬಣ್ಣ ನೋಡಿಯೇ ಹೇಳಬಲ್ಲಳು. ಮನೆಯ ವಿದ್ಯೆ ಪರೀಕ್ಷೆಯ ವಿಷಯವಾದಾಗ ಹಳ್ಳಿಯ ಮಕ್ಕಳು ಮೊದಲ ಬಾರಿಗೆ ನಗರದವರಿಗಿಂತ ಒಂದು ಹೆಜ್ಜೆ ಮುಂದೆ ನಿಂತರು. ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆಯೂ 1980ರಲ್ಲಿ ಆರಂಭವಾಗಿದ್ದುದರಿಂದ ಇಲಾಖೆಯಲ್ಲಿ ಹುದ್ದೆಗಳ ಆಸೆಯೂ ಇತ್ತು.

ಆದರೆ ಕಸುಬಿಗೆ ಕಟ್ಟಿದ ಪದವಿ ಕಸುಬಿನ ಏಳುಬೀಳುಗಳಿಗೂ ಕಟ್ಟಿಕೊಂಡಿರುತ್ತದೆ. ಚೀನಾದ ರೇಷ್ಮೆ ಅಗ್ಗವಾಗಿ ಬರತೊಡಗಿದಾಗ ಗೂಡಿನ ಮಾರುಕಟ್ಟೆ ನಡುಗಿತು. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದ ವರ್ಷ ಗೂಡಿನ ಬೆಲೆ ಕುಸಿದು, ಎಷ್ಟೋ ಕಡೆ ಹಿಪ್ಪುನೇರಳೆಯನ್ನೇ ಕಿತ್ತುಹಾಕಿದರು. ದೆಹಲಿಯಲ್ಲಿ ಓದಿದ ಒಂದು ಸಾಲು, ಸೂಲಿಬೆಲೆಯ ಹುಡುಗನ ಐಚ್ಛಿಕ ವಿಷಯವನ್ನು ಬದಲಾಯಿಸಬಲ್ಲದು ಎಂಬುದು ಪಠ್ಯಕ್ರಮ ಸಮಿತಿಗಳಿಗೆ ಹೊಳೆದಿರಲಾರದು.

ಪದವಿಪೂರ್ವ ಹಂತದ ಉದ್ಯೋಗಮುಖಿ ಕೋರ್ಸುಗಳ ಕಥೆ ಇನ್ನೂ ವಿಚಿತ್ರ. ಜೆ.ಒ.ಸಿ. ಎಂದರೆ ಅನೇಕರಿಗೆ ನೆನಪಿದ್ದೀತು. 1970ರ ದಶಕದ ಕೊನೆಗೆ ಹೊರಟ ಈ ಯೋಜನೆಯ ಉದ್ದೇಶ, ಹುಡುಗರು ಸರ್ಕಾರಿ ನೌಕರಿಗೆ ಕಾಯದೆ ಕೈಕಸುಬಿನಿಂದ ಬದುಕಲೆಂಬುದು. ಮೂರು ದಶಕ ನಡೆದು ಅದು ಮುಚ್ಚಿದಾಗ, ಅಲ್ಲಿ ಅರೆಕಾಲಿಕವಾಗಿ ಪಾಠ ಹೇಳುತ್ತಿದ್ದವರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು 2011ರಲ್ಲಿ ವಿಶೇಷ ಶಾಸನವೇ ಆಯಿತು. ಸ್ವಯಂ ಉದ್ಯೋಗವನ್ನು ಬೋಧಿಸಿದವರಿಗೆ ಕೊನೆಗೆ ದೊರೆತದ್ದು ಸರ್ಕಾರದ ಪದವಿ! ಅವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ವರ್ಷಗಟ್ಟಲೆ ಅಲ್ಪ ಗೌರವಧನಕ್ಕೆ ದುಡಿದವರು ಅವರು.

1990ರ ದಶಕದಿಂದೀಚೆಗೆ ಬಿ.ಬಿ.ಎಂ., ಬಿ.ಸಿ.ಎ.ಗಳು ಬಂದವು. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ, ಹೊಸಕೋಟೆಯಾಚೆ ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳು ಹೊಸ ಒಡೆಯರಾದವು. ಸೂಲಿಬೆಲೆ ಇವುಗಳ ನಡುವೆಯೇ ಇದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಮೂರಾಗಿ ಒಡೆದು, ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆರಂಭವಾಯಿತು. ಹೊಸಕೋಟೆಯ ಕಾಲೇಜುಗಳು ಅದರ ತೆಕ್ಕೆಗೆ ಸೇರಿದವು. ಮುದ್ದೇನಹಳ್ಳಿ, ಮಾಸ್ತಿ, ಹೊಸೂರುಗಳಿರುವ ಎರಡು ಜಿಲ್ಲೆಗಳೂ ಅದರವೇ. 2021ರಲ್ಲಿ ಪದವಿಗೆ ನಾಲ್ಕು ವರ್ಷ ಎಂದಾಯಿತು, ಕೌಶಲದ ವಿಷಯಗಳು ಸೇರಿದವು. 2024ರಲ್ಲಿ ಮತ್ತೆ ಮೂರು ವರ್ಷ ಎಂದಾಯಿತು. ಅಣ್ಣನದೊಂದು ಪಠ್ಯಕ್ರಮ, ತಮ್ಮನದು ಇನ್ನೊಂದು. ಅಣ್ಣನ ಪುಸ್ತಕಗಳನ್ನು ತಮ್ಮ ಓದುವ ಹಳೆಯ ಮಿತವ್ಯಯಕ್ಕೆ ಅವಕಾಶ ತಪ್ಪಿತು.

ಈ ಬದಲಾವಣೆಗಳಿಗಿಂತ ದೊಡ್ಡದೆಂದು ನನಗೆ ತೋರುವುದು ವಿಶ್ವವಿದ್ಯಾಲಯದ ಹೊರಗೆ ನಡೆದದ್ದು. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಮಗನಿಗಾದರೆ ಬಸ್ಸಿನ ದುಡ್ಡು, ಮಗಳಿಗೆ ಯಾಕೆ ಎಂಬ ವಾದಕ್ಕೆ ಇದರಿಂದ ಬಾಯಿ ಬಂತೋ ಹೋಯಿತೋ ಅವರವರ ಮನೆಗೆ ಗೊತ್ತು. ಹತ್ತಿರದಲ್ಲಿದೆ ಎಂದು ಬೇಡದ ವಿಷಯವನ್ನು ಓದುವುದಕ್ಕೂ, ದೂರವಾದರೂ ಬೇಕಾದುದನ್ನು ಆರಿಸಿಕೊಳ್ಳುವುದಕ್ಕೂ ನಡುವೆ ಇದ್ದ ಅಡ್ಡಗೋಡೆಗಳಲ್ಲಿ ಒಂದು ಬಿದ್ದಿದೆ. ಪ್ರಯೋಗಾಲಯದ ತರಗತಿ ಸಂಜೆ ಮುಗಿಯುವ ಹೊತ್ತಿಗೆ ಊರಿಗೆ ಬಸ್ಸಿರುತ್ತದೆಯೇ ಎಂಬುದು ಇನ್ನೊಂದು ಗೋಡೆ.

ಉತ್ತರ ವಿಶ್ವವಿದ್ಯಾಲಯದ ಸ್ವಂತ ಆವರಣಕ್ಕೆ ಗೊತ್ತುಮಾಡಿದ ನೆಲವಿರುವುದು ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯ ಬಳಿ, ಜಂಗಮಕೋಟೆಯ ಪಕ್ಕದಲ್ಲಿ. ಸೂಲಿಬೆಲೆಗೆ ಜ್ಞಾನಭಾರತಿಯಷ್ಟು ದೂರವೇನಲ್ಲ. ನಡುವೆ ನಗರವೂ ಇಲ್ಲ. ಅಲ್ಲಿ ಯಾವ ಯಾವ ಪದವಿಗಳಿರಬೇಕು ಎಂಬುದನ್ನು ಬಲ್ಲವರು ತೀರ್ಮಾನಿಸಲಿ. ನಮ್ಮ ಹೋಬಳಿಯ ತಾಯಿತಂದೆಗಳು ಕೇಳುವ ಮೊದಲ ಪ್ರಶ್ನೆ, ಹಾಸ್ಟೆಲ್ಲಿನಲ್ಲಿ ಎಷ್ಟು ಜನಕ್ಕೆ ಜಾಗ, ಊಟಕ್ಕೆ ತಿಂಗಳಿಗೆಷ್ಟು ಎಂಬುದೇ.