ತಾಕು, ತೆನೆ, ಗೆಡ್ಡೆ: ಹಾಸನ ಸೀಮೆಯ ಕ್ಷೇತ್ರೋತ್ಸವದ ಹಿನ್ನೆಲೆ

ಕೃಷಿ ಸಂಶೋಧನಾ ಕೇಂದ್ರವು ತನ್ನ ಪ್ರಯೋಗದ ಹೊಲಗಳನ್ನು ಸುತ್ತಲಿನ ರೈತರಿಗೆ ತೆರೆದು ತೋರಿಸುವ ದಿನವನ್ನು ಕರ್ನಾಟಕದಲ್ಲಿ ಕ್ಷೇತ್ರೋತ್ಸವ ಎನ್ನುವುದು ರೂಢಿ. ಅದೇ ಕಾರ್ಯಕ್ರಮಕ್ಕೆ ಇಲಾಖೆಗಳ ಮಳಿಗೆಗಳು, ಬೀಜ, ಗೊಬ್ಬರ ಮತ್ತು ಯಂತ್ರಗಳ ಮಾರಾಟಗಾರರು, ಬ್ಯಾಂಕು ಹಾಗೂ ಸಹಕಾರ ಸಂಘಗಳು ಬಂದು ಸೇರಿದಾಗ ಅದು ಕೃಷಿ ಮೇಳವೆನಿಸುತ್ತದೆ. ಹಾಸನ ಜಿಲ್ಲೆಯಲ್ಲಿ ಮಡೆನೂರಿನ ಕೃಷಿ ಸಂಶೋಧನಾ ಕೇಂದ್ರ, ಕಾರೇಕೆರೆಯ ಕೃಷಿ ಮಹಾವಿದ್ಯಾಲಯ, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರಗಳು ಈ ಬಗೆಯ ತಾಣಗಳು. ಇಲ್ಲಿಗೆ ಬರುವವರ ನೆಲ ಮಾತ್ರ ಒಂದೇ ಬಗೆಯದಲ್ಲ: ಹೊಳೆನರಸೀಪುರದವರದು ಹೇಮಾವತಿಯ ನಾಲೆಗಳ ಭತ್ತದ ಗದ್ದೆ, ಚನ್ನರಾಯಪಟ್ಟಣದವರದು ರಾಗಿಯ ಹೊಲ ಮತ್ತು ತೆಂಗಿನ ತೋಟ, ಅರಕಲಗೂಡಿನವರದು ಹೊಗೆಸೊಪ್ಪು, ಆಲೂಗಡ್ಡೆ, ಶುಂಠಿ ಬೆಳೆಯುವ ಕೆಂಪು ನೆಲ. ಒಂದೇ ತಾಕಿನ ಮುಂದೆ, ಅಂದರೆ ಪ್ರಯೋಗಕ್ಕೆಂದು ಅಳೆದು ವಿಂಗಡಿಸಿದ ಹೊಲದ ತುಂಡಿನ ಮುಂದೆ, ಇವರು ಬೇರೆ ಬೇರೆ ಪ್ರಶ್ನೆಗಳನ್ನು ಇಟ್ಟುಕೊಂಡು ನಿಲ್ಲುತ್ತಾರೆ ಎಂಬುದನ್ನು ಮರೆತರೆ ಈ ಪದ್ಧತಿಯ ಇತಿಹಾಸ ಅರ್ಥವಾಗುವುದಿಲ್ಲ.

ಸರ್ಕಾರಿ ಪ್ರಯೋಗದ ಹೊಲ ಮೈಸೂರು ಸಂಸ್ಥಾನಕ್ಕೆ ಬಂದದ್ದು 1899ರಲ್ಲಿ. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಇದಕ್ಕಾಗಿ ಕೊಟ್ಟರು, ಡಾ. ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣು ಮತ್ತು ಬೆಳೆಗಳ ಸಂಬಂಧದ ಅಧ್ಯಯನವನ್ನು ಆರಂಭಿಸಿದರು. 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದವರು, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು, ಅಂದರೆ ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ ಔಷಧವನ್ನು, ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಬೆಳೆಗಾರರ ತೋಟಗಳಲ್ಲೇ ಸಿಂಪಡಿಸಿ, ಔಷಧ ಬಿದ್ದ ಮರದ ಗೊನೆಯನ್ನೂ ಬೀಳದ ಮರದ ಗೊನೆಯನ್ನೂ ಅಕ್ಕಪಕ್ಕ ತೋರಿಸಿದ್ದರಿಂದಲೇ ಅದು ಮಲೆನಾಡಿನಲ್ಲಿ ನೆಲೆಯೂರಿತು. ಇದೇ ಕಾಲಕ್ಕೆ, 1903ರಲ್ಲಿ, ಅಮೆರಿಕದ ಟೆಕ್ಸಾಸ್ ಪ್ರಾಂತ್ಯದಲ್ಲಿ ಸೀಮನ್ ನ್ಯಾಪ್ ಎಂಬುವರು ಸರ್ಕಾರದ ಜಮೀನನ್ನು ಬಿಟ್ಟು ಒಬ್ಬ ರೈತನ ಹೊಲದಲ್ಲೇ ಪ್ರಾತ್ಯಕ್ಷಿಕೆ ನಡೆಸಿ, ನೆರೆಯವನ ಬೆಳೆಯನ್ನು ಕಂಡು ರೈತ ಕಲಿಯುತ್ತಾನೆ ಎಂಬ ತತ್ತ್ವಕ್ಕೆ ಹೆಸರಾದರು. ಹೀಗೆ ತೆರೆದ ಹೊಲದ ಪದ್ಧತಿಗೆ ಆರಂಭದಿಂದಲೂ ಎರಡು ದಾರಿಗಳಿದ್ದವು: ರೈತನನ್ನು ಕೇಂದ್ರಕ್ಕೆ ಕರೆಯುವುದು ಒಂದು, ಕೇಂದ್ರವೇ ರೈತನ ಹೊಲಕ್ಕೆ ಹೋಗುವುದು ಇನ್ನೊಂದು.

ಹಾಸನ ಸೀಮೆಯ ರೈತನಿಗೆ, ಒಂದೆಡೆ ಸೇರಿ ನೋಡಿ ತೀರ್ಮಾನಿಸುವುದನ್ನು ಯಾವ ಇಲಾಖೆಯೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಸೇರುವ ದನಗಳ ಜಾತ್ರೆಗಳು, ಉದಾಹರಣೆಗೆ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ರಂಗನಾಥಸ್ವಾಮಿಯ ಜಾತ್ರೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿಯ ಜಾತ್ರೆ, ಈ ಪರೀಕ್ಷೆಯ ಹಳೆಯ ಶಾಲೆಗಳು. ಹಳ್ಳಿಕಾರ್ ಜೋಡಿಯೊಂದನ್ನು ಕೊಳ್ಳಲು ಬಂದವನು ಹಲ್ಲು ಎಣಿಸಿ ವಯಸ್ಸು ತಿಳಿಯುತ್ತಾನೆ, ಮೈಮೇಲಿನ ಸುಳಿಗಳನ್ನು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಕೊನೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಸಂಸ್ಥಾನದ ಕಾಲದಲ್ಲಿ ಕೃಷಿ ಇಲಾಖೆಯು ಕಬ್ಬಿಣದ ನೇಗಿಲನ್ನೂ ಸುಧಾರಿತ ಬೀಜವನ್ನೂ ಜಾತ್ರೆಗಳಿಗೆ ಒಯ್ದು ತೋರಿಸಿದ್ದು ಈ ನೆರವಿಯನ್ನು ನಂಬಿಯೇ. 1907ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೈಗಾರಿಕೆ ಮತ್ತು ಕೃಷಿಯ ದಸರಾ ವಸ್ತುಪ್ರದರ್ಶನವೂ ಹಬ್ಬದ ಜನಸಂದಣಿಯನ್ನು ಅದೇ ರೀತಿ ಬಳಸಿಕೊಂಡಿತು. ಇಂದಿನ ಕೃಷಿ ಮೇಳದಲ್ಲಿ ಜಾತ್ರೆಯ ಗದ್ದಲ, ತಿಂಡಿ ಅಂಗಡಿ, ಹೋರಿಗಳ ಪ್ರದರ್ಶನ ಕಾಣುತ್ತವೆಂದು ಮೂಗು ಮುರಿಯುವವರು ಈ ವಂಶಾವಳಿಯನ್ನು ಗಮನಿಸಿಲ್ಲ.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಬೋಧನೆ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣೆಯೂ, ಅಂದರೆ ಸಂಶೋಧನೆಯ ಫಲವನ್ನು ರೈತರಿಗೆ ತಲುಪಿಸುವ ಕೆಲಸವೂ, ಅದರ ಹೊಣೆಯಾಯಿತು. 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ತೆರೆದ ಮೇಲೆ ಜಿಲ್ಲೆಗೊಂದು ಅಂಥ ಕೇಂದ್ರವೆಂಬ ಕಲ್ಪನೆ ಹರಡಿತು. ಹಾಸನದ ಮಟ್ಟಿಗೆ ಇವುಗಳಷ್ಟೇ ಮುಖ್ಯವಾದ ಇನ್ನೊಂದು ಘಟನೆ 1979ರಲ್ಲಿ ಗೊರೂರಿನ ಹೇಮಾವತಿ ಜಲಾಶಯ ಪೂರ್ಣಗೊಂಡದ್ದು. ಹೊಳೆನರಸೀಪುರದ ಶ್ರೀರಾಮದೇವರ ಅಣೆಕಟ್ಟಿನಂಥ ಹಳೆಯ ಕಟ್ಟೆಗಳ ನೀರಾವರಿಗೆ ದೊಡ್ಡ ನಾಲೆಗಳು ಸೇರಿದವು. ಎಡದಂಡೆ ನಾಲೆ ಚನ್ನರಾಯಪಟ್ಟಣದತ್ತ ಹರಿದು, ಮಳೆಯನ್ನೇ ನಂಬಿದ್ದ ರೈತರಲ್ಲಿ ಕೆಲವರು ಭತ್ತ ಮತ್ತು ಕಬ್ಬಿನ ಬೇಸಾಯವನ್ನು ಹೊಸದಾಗಿ ಕಲಿಯಬೇಕಾಯಿತು.

ಕ್ಷೇತ್ರೋತ್ಸವ ನಿಜವಾಗಿ ಗೆದ್ದದ್ದು ರಾಗಿಯಲ್ಲಿ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಆನಂತರ ಬಂದ ಜಿಪಿಯು-28 ಎಂಬ ತಳಿ ಬೆಂಕಿ ರೋಗವನ್ನು, ಅಂದರೆ ಎಲೆ, ಕುತ್ತಿಗೆ, ತೆನೆಗಳನ್ನು ಸುಡುವ ಶಿಲೀಂಧ್ರ ರೋಗವನ್ನು, ತಡೆದುಕೊಂಡು ದಕ್ಷಿಣ ಕರ್ನಾಟಕದ ಉದ್ದಕ್ಕೂ ಹಬ್ಬಿತು. ರಾಗಿಯ ತಾಕಿನ ಮುಂದೆ ನಿಂತ ರೈತನ ಪರೀಕ್ಷೆಯೂ ಸಮಗ್ರವಾದದ್ದು: ತೆನೆ ಎಷ್ಟು ದೊಡ್ಡದೆಂಬುದರ ಜೊತೆಗೆ ಬುಡದಲ್ಲಿ ಎಷ್ಟು ತೆಂಡೆ ಒಡೆದಿದೆ, ಮಳೆ ತಡವಾದರೆ ತಡೆಯುವುದೇ, ಗಾಳಿಗೆ ಮಲಗುವುದೇ, ಹಿಟ್ಟು ಮುದ್ದೆಗೆ ಹೊಂದುವುದೇ, ಎಲ್ಲಕ್ಕಿಂತ ಹೆಚ್ಚಾಗಿ ಹುಲ್ಲು ಎಷ್ಟು ಬರುವುದು ಎಂದು ಅವನು ಕೇಳುತ್ತಾನೆ, ರಾಗಿ ಹುಲ್ಲಿನ ಮೆದೆಯೇ ಬೇಸಿಗೆಯಲ್ಲಿ ಅವನ ದನಗಳ ಆಹಾರವಾದ್ದರಿಂದ, ಕಾಳು ಹೆಚ್ಚಿದ್ದರೂ ಹುಲ್ಲು ಕಡಿಮೆಯಿರುವ ಗಿಡ್ಡ ತಳಿಯನ್ನು ಅವನು ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಿದ ತಳಿ ಮಾತ್ರ ಬೇಗ ಅವನದಾಗುತ್ತದೆ. ರಾಗಿ ತನ್ನ ಹೂವಿನಲ್ಲೇ ಪರಾಗಸ್ಪರ್ಶಗೊಳ್ಳುವ ಬೆಳೆಯಾದ್ದರಿಂದ ಅದರ ಬೀಜದ ಗುಣ ಮುಂದಿನ ವರ್ಷ ಕೆಡುವುದಿಲ್ಲ, ಎಕರೆಗೆ ಕೆಲವೇ ಕಿಲೋ ಬೀಜ ಸಾಕು, ಒಬ್ಬನ ಕಣದಿಂದ ಸೇರಿನ ಲೆಕ್ಕದಲ್ಲಿ ಸಾಲ ಒಯ್ದ ನಂಟರಿಂದ ಅದು ಎರಡು ಮೂರು ಹಂಗಾಮಿನಲ್ಲೇ ಹೋಬಳಿಯನ್ನು ಸುತ್ತಬಲ್ಲದು.

ಆಲೂಗಡ್ಡೆಯ ಚರಿತ್ರೆ ಇದಕ್ಕೆ ತೀರ ವಿರುದ್ಧವಾದದ್ದು, ಹಾಸನದ ಪಾಲಿಗೆ ನೋವಿನದೂ ಹೌದು. ಉತ್ತರ ಭಾರತದಲ್ಲಿ ಚಳಿಗಾಲದ ಬೆಳೆಯಾದ ಇದು ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಮುಂಗಾರಿನ ಬೆಳೆ: ಮೇ-ಜೂನ್ ತಿಂಗಳಲ್ಲಿ ನೆಟ್ಟು, ಸುಮಾರು 90 ದಿನಕ್ಕೆ ಅಗೆಯುತ್ತಾರೆ. ಬಹುಕಾಲ ಆಳಿದ ತಳಿ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ. ಆರಂಭದಲ್ಲಿ ಅದಕ್ಕಿದ್ದ ಅಂಗಮಾರಿ ನಿರೋಧಕ ಶಕ್ತಿ ಕಾಲಕ್ರಮದಲ್ಲಿ ಕುಂದಿತು. ಅಂಗಮಾರಿಯೆಂದರೆ 1845ರಿಂದ ಐರ್ಲೆಂಡನ್ನು ಕ್ಷಾಮಕ್ಕೆ ತಳ್ಳಿದ ರೋಗವೇ. ಅದರ ರೋಗಾಣು ಕೋಲ್ಮನ್ ಅವರು ಎದುರಿಸಿದ ಅಡಕೆಯ ಕೊಳೆರೋಗದ ಕುಲಕ್ಕೇ, ಅಂದರೆ ಫೈಟಾಫ್ತೊರಕ್ಕೇ, ಸೇರಿದ್ದು, ಮೋಡ ಮುಸುಕಿದ ಜಿಟಿ ಮಳೆಯ ವಾರದಲ್ಲಿ ಹಸಿರು ಹೊಲವನ್ನು ಕೆಲವೇ ದಿನಗಳಲ್ಲಿ ಕಪ್ಪಾಗಿಸುತ್ತದೆ.

ರೋಗ ತಡೆಯುವ ತಳಿಗಳನ್ನೂ ಸಿಂಪಡಣೆಯ ಕ್ರಮವನ್ನೂ ಜಿಲ್ಲೆಯ ಕೇಂದ್ರಗಳು ತಾಕುಗಳಲ್ಲಿ ತೋರಿಸುತ್ತಲೇ ಬಂದಿವೆ, ಆ ಶ್ರಮ ಸಣ್ಣದಲ್ಲ. ಆದರೆ ತೋರಿಸಿದ್ದು ರೈತನ ಹೊಲಕ್ಕೆ ಇಳಿಯಲು ರಾಗಿಗಿದ್ದ ದಾರಿ ಇದಕ್ಕಿರಲಿಲ್ಲ. ಆಲೂಗಡ್ಡೆಗೆ ಗೆಡ್ಡೆಯೇ ಬೀಜ, ಎಕರೆಗೆ ಹಲವು ಕ್ವಿಂಟಾಲ್ ಬೇಕು, ಗಿಡಹೇನುಗಳು ಹರಡುವ ನಂಜುರೋಗ ಗೆಡ್ಡೆಯೊಳಗೆ ಸೇರಿ ವರ್ಷದಿಂದ ವರ್ಷಕ್ಕೆ ಇಳುವರಿಯನ್ನು ಕುಗ್ಗಿಸುತ್ತದೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ಅಗೆದದ್ದನ್ನು ಮುಂದಿನ ಮೇವರೆಗೆ ಕೆಡದಂತೆ ಇಡುವುದೂ ಕಷ್ಟ. ಪಂಜಾಬಿನ ಚಳಿಯಲ್ಲಿ ಗಿಡಹೇನಿನ ಕಾಟ ಕಡಿಮೆ. ಅದು ಹೆಚ್ಚುವ ಮುಂಚೆಯೇ ಗಿಡದ ತಲೆ ಕತ್ತರಿಸಿ ಬೀಜದ ಗೆಡ್ಡೆಯನ್ನು ಕಾಪಾಡುವ ಪದ್ಧತಿ ಅಲ್ಲಿ ಬೆಳೆದದ್ದರಿಂದ, ಪ್ರತಿ ಬೇಸಿಗೆಯಲ್ಲೂ ಜಲಂಧರಿನ ಲಾರಿಗಳು ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಬರುವುದು ವಾಡಿಕೆಯಾಯಿತು. ಹಾಸನದ ರೈತ ತಾಕಿನಲ್ಲಿ ಯಾವ ತಳಿಯನ್ನೇ ಮೆಚ್ಚಲಿ, ನೆಡುವ ಹೊತ್ತಿಗೆ ಅವನ ಕೈಗೆ ಸಿಗುತ್ತಿದ್ದದ್ದು ಲಾರಿಯಲ್ಲಿ ಬಂದ ಮೂಟೆ. ಅದರೊಳಗಿನ ರೋಗವನ್ನು ಹಲ್ಲು ಎಣಿಸುವ ಜಾಣ್ಮೆಯಿಂದ ಕಂಡುಹಿಡಿಯಲಾಗದು. ಈ ಶತಮಾನದ ಮೊದಲ ದಶಕದ ಕೊನೆಯಿಂದ ಜಿಲ್ಲೆಯ ಆಲೂಗಡ್ಡೆ ವಿಸ್ತೀರ್ಣ ಬಹಳ ಕುಸಿದು, ಮುಸುಕಿನ ಜೋಳ ಮತ್ತು ಶುಂಠಿ ಅದರ ಜಾಗ ಹಿಡಿದುದಕ್ಕೆ ಅಂಗಮಾರಿಯ ಜೊತೆಗೆ ಬೀಜದ ಈ ಪರಾಧೀನತೆಯೂ ಕಾರಣ. ಸಂಶೋಧಕರಾಗಲಿ ರೈತರಾಗಲಿ ಕಲಿಯಲು ಹಿಂಜರಿದದ್ದರಿಂದ ಇದಾಯಿತೆನ್ನುವುದು ಅನ್ಯಾಯದ ಮಾತು.

ಅರಕಲಗೂಡಿನ ಹೊಗೆಸೊಪ್ಪು ಈ ಎರಡಕ್ಕಿಂತ ಬೇರೆ: 1976ರಲ್ಲಿ ಕಾರ್ಯಾರಂಭ ಮಾಡಿದ ತಂಬಾಕು ಮಂಡಳಿಯ ನೋಂದಣಿ, ರಾಮನಾಥಪುರದ ಹರಾಜು ಮಾರುಕಟ್ಟೆ ಮತ್ತು ಖರೀದಿದಾರರ ದರ್ಜೆಗಳೇ ಬೆಳೆಗಾರನ ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದರಿಂದ ಅಲ್ಲಿ ತೆರೆದ ತಾಕಿಗೆ ಉಳಿಯುವ ಪಾತ್ರ ಸೀಮಿತ.

ಮತ್ತೆ ಆಲೂಗಡ್ಡೆಯ ಬೀಜದ ತೊಡಕಿಗೆ ಬಂದರೆ, 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ನಂತರ ಅದರ ಹಾಸನದ ಕೇಂದ್ರವು, ಪೆರು ದೇಶದ ಲೀಮಾದಲ್ಲಿ ನೆಲೆಯುಳ್ಳ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಸಹಯೋಗದಲ್ಲಿ, ಬೇರು ಬಿಟ್ಟ ಕುಡಿಗಳಿಂದ ಬೀಜ ಬೆಳೆಸುವ ಕ್ರಮವನ್ನು ಕೈಗೆತ್ತಿಕೊಂಡಿದೆ. ಪ್ರಯೋಗಾಲಯದ ಅಂಗಾಂಶ ಕೃಷಿಯಿಂದ, ಅಂದರೆ ಗಿಡದ ಸಣ್ಣ ತುಣುಕನ್ನು ಗಾಜಿನ ಸೀಸೆಯಲ್ಲಿ ಬೆಳೆಸುವ ವಿಧಾನದಿಂದ, ರೋಗರಹಿತ ತಾಯಿಗಿಡ ಪಡೆದು, ಅದರ ತುದಿಕುಡಿಗಳನ್ನು ಚಿವುಟಿ ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೇರು ಬರಿಸಿ, ಆ ಸಸಿಗಳನ್ನು ನೆಟ್ಟು ಬೀಜದ ಗೆಡ್ಡೆ ತೆಗೆಯುವುದು ಇದರ ಬಗೆ. ನರ್ಸರಿಯನ್ನು ಊರಿನ ರೈತರೇ ನಡೆಸಬಲ್ಲರು ಎಂಬುದೇ ಇದರ ಮಹತ್ವ: ತಾಕಿನಲ್ಲಿ ಕುಫ್ರಿ ಹಿಮಾಲಿನಿಯಂಥ ರೋಗ ತಡೆಯುವ ತಳಿಯನ್ನು ಕಂಡು ಮೆಚ್ಚಿದವನು ಅದರ ಸಸಿಯನ್ನು ತನ್ನ ಜಿಲ್ಲೆಯಲ್ಲೇ ಕೊಂಡು, ಮೊದಲ ಹಂಗಾಮಿನಲ್ಲಿ ಬೀಜದ ಗೆಡ್ಡೆ ಮಾಡಿಕೊಂಡು, ಮುಂದಿನ ಮುಂಗಾರಿಗೆ ನೆರೆಯವನಿಗೂ ಮಾರಬಲ್ಲ.