ಗಾಡಿಗೆ ತಾನಿರುವ ಜಾಗ ತಿಳಿದ ಬಗೆ

ಬೇಸಿಗೆ ರಜೆಯಲ್ಲಿ ಊರಿಗೆ ಬರುವಾಗ, ಕಾರಿನಲ್ಲಿ ದಾರಿ ಹೇಳುತ್ತಿದ್ದ ಪರದೆಯನ್ನು ನೋಡಿ ಅಕ್ಕನ ಮಗ ಕೇಳಿದ: "ಮಾವ, ಮೇಲಿರೋ ಉಪಗ್ರಹ ನಮ್ಮ ಕಾರನ್ನ ನೋಡ್ತಾ ಇರುತ್ತಾ?" ನಮ್ಮೂರಿನ ಹಿರಿಯರೂ ಹಾಗೆಯೇ ನಂಬಿದ್ದಾರೆ. ಆದರೆ ಉಪಗ್ರಹಕ್ಕೆ ನಮ್ಮ ಕಾರು ಇರುವುದೇ ಗೊತ್ತಿಲ್ಲ. ಲೆಕ್ಕ ಮಾಡುವುದು ಕಾರಿನೊಳಗಿನ ಯಂತ್ರ.

ಈ ಲೆಕ್ಕ ಕಾರಿಗೆ ಬಂದದ್ದು ಉಪಗ್ರಹದ ನೆರವಿಗಿಂತ ಮೊದಲೇ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ 'ಎಲೆಕ್ಟ್ರೋ ಗೈರೋಕೇಟರ್' ಎಂಬ ಸಾಧನವನ್ನು ತಂದಿತು. ಕಾರು ಎಷ್ಟು ದೂರ ಓಡಿತು, ಎತ್ತ ತಿರುಗಿತು ಎಂಬುದನ್ನು ಅಳೆದು, ಹೊರಟ ಜಾಗದಿಂದ ಕೂಡಿಸುತ್ತ ಹೋಗುವುದು ಅದರ ಕೆಲಸ. ಹಡಗಿನವರು ಶತಮಾನಗಳಿಂದ ಮಾಡುತ್ತಿದ್ದ ಲೆಕ್ಕವೇ ಇದು. ತೊಂದರೆಯೆಂದರೆ, ದೂರದ ಜೊತೆಗೆ ತಪ್ಪೂ ಕೂಡುತ್ತ ಹೋಗುತ್ತದೆ.

1985ರಲ್ಲಿ ಅಮೆರಿಕದ ಎಟಾಕ್ ಕಂಪನಿ ಇದಕ್ಕೊಂದು ದಾರಿ ಕಂಡುಕೊಂಡಿತು. ಕಾರು ಹೊಲದಲ್ಲಿ ಓಡುವುದಿಲ್ಲ, ರಸ್ತೆಯಲ್ಲೇ ಓಡುತ್ತದೆ. ಆದ್ದರಿಂದ ಕಾರು ತಿರುಗಿದಾಗಲೆಲ್ಲ ಅದರ ಯಂತ್ರ ತನ್ನ ಲೆಕ್ಕವನ್ನು ನಕ್ಷೆಯಲ್ಲಿರುವ ತಿರುವಿಗೆ ಹೊಂದಿಸಿ ತಿದ್ದಿಕೊಳ್ಳುತ್ತಿತ್ತು. ಆ ನಕ್ಷೆಗಳು ಇದ್ದದ್ದು ಕ್ಯಾಸೆಟ್ಟುಗಳಲ್ಲಿ!

ಅಷ್ಟರಲ್ಲಿ ಅಮೆರಿಕದ ಸೇನೆ ಜಿಪಿಎಸ್ ಉಪಗ್ರಹಗಳನ್ನು ಹಾರಿಸತೊಡಗಿತ್ತು, ಮೊದಲನೆಯದು 1978ರಲ್ಲಿ. 1990ರಲ್ಲಿ ಜಪಾನಿನ ಮಾಜ್ದಾ ಕಂಪನಿಯ ಕಾರಿಗೆ ಅದು ಬಂದಿತು. ಸುಮಾರು 20,200 ಕಿ.ಮೀ. ಎತ್ತರದ ಪ್ರತಿ ಉಪಗ್ರಹವೂ ತಾನಿರುವ ಜಾಗವನ್ನೂ ಸಮಯವನ್ನೂ ಸಾರುತ್ತಿರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲಿನ ದೂರ ಊಹಿಸುತ್ತೇವಲ್ಲ, ಹಾಗೆ ಕಾರಿನ ಯಂತ್ರ ಆ ಸಂಕೇತ ತಲುಪಲು ಹಿಡಿದ ಕಾಲದಿಂದ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಜಾಗ ಸಿಗಬೇಕು. ಆದರೆ ಕಾರಿನ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ! ಆ ತಪ್ಪನ್ನು ಹಿಡಿಯಲು ನಾಲ್ಕನೆಯ ಉಪಗ್ರಹ ಬೇಕು. ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕು ಮಾಡುತ್ತಿತ್ತು; 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು.

ಬೇರೆಯವರ ಕೈಯಲ್ಲಿರುವ ಸಂಕೇತವನ್ನೇ ನಂಬಿರಬಾರದೆಂದು ಭಾರತವೂ ತನ್ನದೇ ಉಪಗ್ರಹಗಳನ್ನು ಹಾರಿಸಿತು. ಇಂದು 'ನಾವಿಕ್' ಎನಿಸಿಕೊಂಡಿರುವ ಈ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಉಪಗ್ರಹಗಳ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿದೆ. ಸಮಯದ ಲೆಕ್ಕ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ.

ಹಳೆಯದೇನೂ ವ್ಯರ್ಥವಾಗಿಲ್ಲ. ಸುರಂಗದೊಳಗೆ ಉಪಗ್ರಹದ ಸಂಕೇತ ಸಿಗದಾಗ, ಅನೇಕ ಕಾರುಗಳ ಯಂತ್ರ ಮತ್ತೆ ಚಕ್ರದ ಸುತ್ತುಗಳನ್ನೇ ಎಣಿಸುತ್ತದೆ.

ಕಾಲ, ವೇಗ, ದೂರದ ಲೆಕ್ಕವನ್ನೂ ಕೈವಾರದಿಂದ ವೃತ್ತ ಎಳೆಯುವುದನ್ನೂ ನಾನು ಕಲಿತದ್ದು ಇದೇ ಶಾಲೆಯಲ್ಲಿ. "ಇದರಿಂದ ಏನುಪಯೋಗ ಸಾರ್?" ಎಂದು ಅಂದು ಕೇಳಿದ್ದೆ. ಅಕ್ಕನ ಮಗನಿಗೆ ಹಾಳೆಯ ಮೇಲೆ ಮೂರು ವೃತ್ತ ಎಳೆದು, ಅವು ಕೂಡುವ ಜಾಗದಲ್ಲಿ ಚುಕ್ಕೆಯಿಟ್ಟು ತೋರಿಸಿದಾಗ, ಆ ಪ್ರಶ್ನೆಗೆ ನನಗೂ ಉತ್ತರ ಸಿಕ್ಕಿತು.