ಎರಡು ಎಕರೆ ಇಪ್ಪತ್ತು ಗುಂಟೆ

"ತಮ್ಮಾ, ನಿನ್ನ ಕಂಪ್ಯೂಟರ್‌ನಾಗ ನಮ್ಮ ಹಳ್ಳದ ಹೊಲ ಎರಡು ಎಕರೆ ಎರಡು ಗುಂಟಿ ಅಂತ ತೋರಸ್ಲಿಕತ್ತದ. ಉಳಿದ ಹದಿನೆಂಟು ಗುಂಟಿ ಯಾರ್ ನುಂಗಿದ್ರು?" ಅಂತ ಕಾಕಾ ಫೋನ್ ಮಾಡಿದಾಗ ನಾನು ಮಾರತ್ತಹಳ್ಳಿ ಸೇತುವೆ ಕೆಳಗೆ ಕ್ಯಾಬಿನಲ್ಲಿ ಕೂತಿದ್ದೆ. ಕಾಕಾ ನಗುತ್ತಾ ಕೇಳಿದರು. ಆದರೆ ಅಣ್ಣತಮ್ಮಂದಿರ ನಡುವೆ ವಾಟ್ನಿ ನಡೆಯುವಾಗ ಹದಿನೆಂಟು ಗುಂಟೆ ನಗುವ ಮಾತಲ್ಲ. ಅದರಲ್ಲೂ ಸೇಡಂ, ಚಿತ್ತಾಪುರದ ಕಡೆ, ಮೇಲೆ ತೊಗರಿ, ಕೆಳಗೆ ಸಿಮೆಂಟಿನ ಸುಣ್ಣದಕಲ್ಲು ಇರುವ ನೆಲದಲ್ಲಿ, ಒಂದು ಗುಂಟೆಗೂ ಮಾತು ಬೆಳೆಯುತ್ತದೆ.

ತಪ್ಪು ನನ್ನದೇ. ಮುತ್ಯಾನ ಟ್ರಂಕಿನಲ್ಲಿದ್ದ ಹಳೇ ಕಾಗದಗಳನ್ನೆಲ್ಲ ಫೋಟೋ ತೆಗೆದು, ವಿವರ ಟೈಪ್ ಮಾಡಿಸಿ, ಮನೆಮಂದಿ ಎಲ್ಲರೂ ನೋಡುವ ಹಾಗೆ ಇಡೋಣ ಅಂತ ಹೊರಟಿದ್ದೆ. ಅರವತ್ತೊಂದು ಕಾಗದ. ಒಂದರ ಹಾಗೆ ಇನ್ನೊಂದಿಲ್ಲ. ಪಹಣಿ ಇದೆ, ತೀರ್ವೆ ರಸೀದಿ ಇದೆ, ಉರ್ದುವಿನಲ್ಲಿರುವ ಕ್ರಯಪತ್ರ ಇದೆ, ಸೋದರತ್ತೆಯ ಕಡೆಯಿಂದ ಬಂದ ತೆಲುಗು ಕಾಗದವೂ ಇದೆ. ಇಂಥ ಸರಕಿಗೆ ಗಟ್ಟಿ ಕಾಲಮ್ಮುಗಳ ಟೇಬಲ್ ಒಗ್ಗುವುದಿಲ್ಲ ಅಂತ ಮೊಂಗೋಡಿಬಿ ಆರಿಸಿಕೊಂಡೆ. ನ್ಯೂಯಾರ್ಕಿನ ಟೆನ್‌ಜೆನ್ ಎಂಬ ಕಂಪನಿ 2007ರಲ್ಲಿ ಶುರುಮಾಡಿ 2009ರಲ್ಲಿ ಹೊರಗೆ ಬಿಟ್ಟ ಡಾಕ್ಯುಮೆಂಟ್ ಡೇಟಾಬೇಸ್ ಇದು. ಬಾಗಿಲಲ್ಲಿ ಯಾರನ್ನೂ ತಡೆಯುವುದಿಲ್ಲ. ಒಂದೇ 'ವಿಸ್ತೀರ್ಣ' ಎಂಬ ಫೀಲ್ಡಿನಲ್ಲಿ ಒಂದು ಕಾಗದ ಅಂಕಿ ಇಡಬಹುದು, ಇನ್ನೊಂದು ಅಕ್ಷರ ಇಡಬಹುದು, ಮತ್ತೊಂದು ಏನನ್ನೂ ಇಡದೇ ಇರಬಹುದು. ಟೈಪ್ ಮಾಡಿದವರು ಇಬ್ಬರು ಕಾಕಾನ ಮಕ್ಕಳು. ಒಬ್ಬ ಫೋನಿನಲ್ಲಿ ನೇರವಾಗಿ '2-20' ಅಂತ ಹೊಡೆದ. ಇನ್ನೊಬ್ಬ ಸ್ಪ್ರೆಡ್‌ಶೀಟಿನಲ್ಲಿ 2.20 ಅಂತ ಹೊಡೆದ. ಸ್ಪ್ರೆಡ್‌ಶೀಟು ಅದನ್ನು ಅಂಕಿ ಅಂದುಕೊಂಡು, ಕೊನೆಯ ಸೊನ್ನೆಗೆ ಬೆಲೆ ಇಲ್ಲ ಅಂತ ತೆಗೆದುಹಾಕಿ 2.2 ಮಾಡಿತು.

ನಮ್ಮ ಕಡೆ ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹಾಗಾಗಿ ಪಹಣಿಯಲ್ಲಿ ಬರುವ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ, ಬರೀ ಗೋಡೆ. ಈಗಿನ ಪಹಣಿಯಲ್ಲಿ 2.20.00 ಅಂತ ಎರಡು ಚುಕ್ಕೆ ಇರುತ್ತವೆ: ಎಕರೆ, ಗುಂಟೆ, ಆಣೆ. ಎರಡು ಚುಕ್ಕೆ ಇದ್ದರೆ ಯಾವ ಕಂಪ್ಯೂಟರೂ ಅದನ್ನು ಸಂಖ್ಯೆ ಅಂದುಕೊಳ್ಳುವುದಿಲ್ಲ, ಬಚಾವ್. ಒಂದೇ ಚುಕ್ಕೆ ಇದ್ದರೆ ಕೆಲಸ ಕೆಟ್ಟಿತು. ನನ್ನ 2.2 ಅನ್ನು ಕಾಕಾ ಓದಿದ ಹಾಗೆ ಓದಿದರೆ 2 ಎಕರೆ 2 ಗುಂಟೆ. ಎಂಜಿನಿಯರ್ ಓದಿದ ಹಾಗೆ ಓದಿದರೆ 2 ಎಕರೆ 8 ಗುಂಟೆ. ಕಾಗದದಲ್ಲಿರುವುದು 2 ಎಕರೆ 20 ಗುಂಟೆ. ಕೂಡಿಸಲು ಹೋದರೆ ಇನ್ನೂ ಮಜಾ. 2.20ಕ್ಕೆ 1.30 ಸೇರಿಸಿದರೆ ಕಂಪ್ಯೂಟರ್ 3.5 ಅನ್ನುತ್ತದೆ, ಊರಿನ ಶಾನುಭೋಗರು 4 ಎಕರೆ 10 ಗುಂಟೆ ಅನ್ನುತ್ತಿದ್ದರು.

ಸಂಜೆ ಮನೆಗೆ ಬಂದು ಮೊದಲು ಮಾಡಿದ ಕೆಲಸ, ಬೆಲೆ ಕೇಳುವುದನ್ನು ಬಿಟ್ಟು ಬಗೆ ಕೇಳಿದ್ದು. ಮೊಂಗೋಡಿಬಿಯಲ್ಲಿ ಡಾಲರ್ ಟೈಪ್ ಅಂತ ಒಂದು ಆಪರೇಟರ್ ಇದೆ. 'ವಿಸ್ತೀರ್ಣ ಎಷ್ಟು' ಎನ್ನುವ ಬದಲು 'ಯಾವ ಕಾಗದಗಳಲ್ಲಿ ವಿಸ್ತೀರ್ಣ ಡಬಲ್ ಆಗಿ ಕೂತಿದೆ, ಯಾವುದರಲ್ಲಿ ಸ್ಟ್ರಿಂಗ್ ಆಗಿ ಕೂತಿದೆ' ಅಂತ ಕೇಳುತ್ತದೆ. ಒಳಗೆ ಪ್ರತಿ ಬಗೆಗೂ ಒಂದು ನಂಬರ್: ಡಬಲ್‌ಗೆ 1, ಸ್ಟ್ರಿಂಗ್‌ಗೆ 2, ದಿನಾಂಕಕ್ಕೆ 9, ನಲ್‌ಗೆ 10. ಹಳೇ ಆವೃತ್ತಿಗಳಲ್ಲಿ ಈ ನಂಬರ್ ನೆನಪಿಡಬೇಕಿತ್ತು. 3.2ರಿಂದ ಹೆಸರಲ್ಲೇ ಕೇಳಬಹುದು, 3.6ರಿಂದ ಒಂದೇ ಸಲ ನಾಲ್ಕಾರು ಬಗೆಗಳನ್ನು ಕೇಳಬಹುದು. ಬಸವಣ್ಣನ ನಾಡಿನವನಾಗಿ ಕುಲ ಕೇಳುವುದು ನನಗೆ ಇಷ್ಟದ ಕೆಲಸವಲ್ಲ, ಆದರೆ ಡೇಟಾಬೇಸಿನಲ್ಲಿ ಕೇಳಲೇಬೇಕು. ಕೇಳದಿದ್ದರೆ ಏನಾಗುತ್ತದೆ ಗೊತ್ತಾ? ಎರಡು ಎಕರೆಗಿಂತ ದೊಡ್ಡ ಹೊಲ ತೋರಿಸು ಅಂತ ಅಂಕಿ ಕೊಟ್ಟು ಕೇಳಿದರೆ, ಅಂಕಿಯಾಗಿ ಕೂತವನ್ನು ಮಾತ್ರ ನೋಡುತ್ತದೆ. '2-20' ಅಂತ ಅಕ್ಷರವಾಗಿ ಕೂತ ಹೊಲ ಸದ್ದಿಲ್ಲದೆ ಲೆಕ್ಕದಿಂದ ಹೊರಗೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಅರವತ್ತೊಂದರಲ್ಲಿ ಹದಿನೇಳು ಡಬಲ್ ಸಿಕ್ಕವು. ಅದರಲ್ಲಿ 2.15ರಂಥವು ಕೆಟ್ಟಿರಲಿಲ್ಲ. ಕೆಟ್ಟದ್ದು ಚುಕ್ಕೆಯಾದ ಮೇಲೆ ಒಂದೇ ಅಂಕಿ ಉಳಿದ ಒಂಬತ್ತು. ಅವಕ್ಕೆ ಮೂಲ ಕಾಗದವೇ ಗತಿ. ಅಲ್ಲಿಂದ ಶುರುವಾದದ್ದು ಇತಿಹಾಸ.

ನಮ್ಮ ಜಿಲ್ಲೆ 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ರಜಾಕಾರರ ಕಥೆ ಕೇಳುತ್ತಾರೆ, ಲೆಕ್ಕಪತ್ರದ ಕಥೆ ಯಾರೂ ಕೇಳುವುದಿಲ್ಲ. ಆ ಸಂಸ್ಥಾನದಲ್ಲಿ ವರ್ಷ ಬೇರೆ, ತಿಂಗಳು ಬೇರೆ, ರೂಪಾಯಿ ಬೇರೆ, ಅಂಕಿ ಬರೆಯುವ ರೀತಿಯೂ ಬೇರೆ.

ವರ್ಷದಿಂದ ಶುರುಮಾಡುತ್ತೇನೆ. ಕಾಗದಗಳಲ್ಲಿ ಇರುವುದು ಫಸಲಿ. ನಾವು ಫಸಲು ಅನ್ನುತ್ತೀವಲ್ಲ, ಅದೇ ಮಾತು. ಹಿಜ್ರಿ ವರ್ಷ ಚಂದ್ರನ ಹಿಂದೆ ಹೋಗುವುದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಬೆಳೆ ಸೂರ್ಯನ ಹಿಂದೆ ಹೋಗುತ್ತದೆ. ಕಂದಾಯ ವಸೂಲಿಗೆ ಬೆಳೆಯ ವರ್ಷವೇ ಬೇಕು ಅಂತ ಅಕ್ಬರನ ಕಾಲದಲ್ಲಿ ಈ ಲೆಕ್ಕ ಬಂತು, ದಖ್ಖನಿಗೆ ಷಹಜಹಾನನ ಕಾಲದಲ್ಲಿ. ಹೈದರಾಬಾದಿನಲ್ಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ತಿಂಗಳಿಂದ ಶುರು: ಆಜೂರ್, ದೈ, ಬಹಮನ್ ಅಂತ ಪಾರಸಿ ಹೆಸರುಗಳು. ಇಸವಿ ಬೇಕೆಂದರೆ ಅಕ್ಟೋಬರಿನಿಂದ ಡಿಸೆಂಬರ್ ಒಳಗಾದರೆ 590 ಕೂಡಿಸು, ಜನವರಿ ದಾಟಿದ್ದರೆ 591. ಕಾನೂನುಗಳೂ ಹೀಗೇ. ಹೈದರಾಬಾದ್ ಭೂಕಂದಾಯ ಕಾಯ್ದೆ 1317 ಫಸಲಿಯದು. ಜಾಗೀರು ರದ್ದುಮಾಡಿದ 1949ರ ಆಜ್ಞೆಯ ಹೆಸರಲ್ಲಿ 1358 ಫಸಲಿ ಎಂದಿದೆ. ಅಂದರೆ ನಿಜಾಮನ ಆಳ್ವಿಕೆ ಮುಗಿದ ಮೇಲೂ ಕ್ಯಾಲೆಂಡರ್ ಬದುಕಿತ್ತು.

ಇದನ್ನು ತಿಳಿಯದೆ ತಮ್ಮನೊಬ್ಬ ಒಂದು ರಸೀದಿಯ ದಿನಾಂಕದ ಜಾಗದಲ್ಲಿ 1352 ಅಂತ ಹಾಕಿದ್ದ. ನನ್ನ ಸ್ಕ್ರಿಪ್ಟು ಅದನ್ನು ಚೆಂದವಾಗಿ ದಿನಾಂಕ ಮಾಡಿತು. ಮೊಂಗೋಡಿಬಿಯಲ್ಲಿ ದಿನಾಂಕವೆಂದರೆ 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡು. ಅದಕ್ಕೂ ಹಿಂದಿನದಾದರೆ ಋಣ ಸಂಖ್ಯೆ. ಹಾಗಾಗಿ ತಕರಾರಿಲ್ಲದೆ ಒಳಗೆ ಹೋಯಿತು. ನನ್ನ ಡೇಟಾಬೇಸಿನ ಪ್ರಕಾರ ಮುತ್ಯಾ ತೀರ್ವೆ ಕಟ್ಟಿದ್ದು ಕ್ರಿ.ಶ. 1352ರಲ್ಲಿ, ಕಲಬುರಗಿ ಕೋಟೆಯಲ್ಲಿ ಹಸನ್ ಬಹಮನ್ ಷಾ ಆಳುತ್ತಿದ್ದಾಗ! ನಿಜವಾಗಿ ಅದು 1942-43. ಇಲ್ಲಿ ಡಾಲರ್ ಟೈಪ್ ಕೈಕೊಟ್ಟಿತು. ದಿನಾಂಕವೇ ಅಂತ ಕೇಳಿದರೆ ಹೌದು ಅನ್ನುತ್ತದೆ, ಯಾವ ಪಂಚಾಂಗದ್ದು ಅಂತ ಅದಕ್ಕೆ ಗೊತ್ತಿಲ್ಲ. ನಮ್ಮ ಕಡೆಯ ಅರ್ಧ ಊರಿನ ಹುಟ್ಟಿದ ದಿನ ಜೂನ್ 1 ಇರುವ ಹಾಗೆ. ಹೆಡ್‌ಮಾಸ್ತರು ಬರೆದದ್ದು, ಬಗೆ ಸರಿ, ಮಾತು ಸುಳ್ಳು.

ರೂಪಾಯಿ ಕಥೆಯೂ ಅದೇ. ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ಜನ ಕಲ್ದಾರ್ ಅನ್ನುತ್ತಿದ್ದರು. 7 ಹಾಲಿಗೆ 6 ಕಲ್ದಾರ್. ಹಾಲಿ ಸಿಕ್ಕಾ ಪೂರ್ತಿ ನಿಂತದ್ದು 1959ರಲ್ಲಿ. ಹಾಗಾಗಿ 1950ರ ಒಂದು ಕ್ರಯಪತ್ರದಲ್ಲಿ 350 ರೂಪಾಯಿ ಅಂತಿದ್ದರೆ, ಅದು 350 ಇರಬಹುದು, 300ರ ಬೆಲೆಯದೂ ಇರಬಹುದು. ಎರಡೂ ಸಂಖ್ಯೆಯೇ. ಪಕ್ಕದಲ್ಲಿ 'ಹಾಲಿ' ಅಂತ ಬರೆದದ್ದನ್ನು ಟೈಪ್ ಮಾಡುವವರು ಬಿಟ್ಟರೆ ಮುಗಿಯಿತು.

ನನಗೆ ತುಂಬ ಹಿಡಿಸಿದ್ದು ಅಂಕಿ ಬರೆಯುತ್ತಿದ್ದ ರೀತಿ. ಮೂರು ಕಾಗದಗಳಲ್ಲಿ ಮೊತ್ತದ ಜಾಗದಲ್ಲಿ ಅಂಕಿಯೇ ಇಲ್ಲ, ಬಳ್ಳಿ ಹಬ್ಬಿದ ಹಾಗೆ ಗೀಟುಗಳು. ಚಿತ್ತಾಪುರದಲ್ಲಿ ನಿವೃತ್ತ ಉರ್ದು ಮಾಸ್ತರೊಬ್ಬರು ಇದ್ದಾರೆ, ತೋರಿಸಲು ಹೋಗಿದ್ದೆ. "ಇದು ರಖಂ ಬೇಟಾ, ಸಿಯಾಖ್ ಅಂತಾರ" ಅಂದರು. ಅರಬ್ಬಿಯಲ್ಲಿ ನೂರು, ಇಪ್ಪತ್ತು ಎನ್ನುವ ಶಬ್ದಗಳನ್ನೇ ಕುಗ್ಗಿಸಿ ಕುಗ್ಗಿಸಿ ಗೀಟಾಗಿಸಿದ ಲಿಪಿ. ಮೊಘಲರ ದಫ್ತರದಿಂದ ಹೈದರಾಬಾದಿನ ತನಕ ಲೆಕ್ಕದವರು ಬಳಸಿದ್ದು. ಸೊನ್ನೆ ಸೇರಿಸಿ 20 ಅನ್ನು 200 ಮಾಡಲು ಬರುವುದಿಲ್ಲ, ಅದೇ ಅದರ ಲಾಭ. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಅವರು ಸಂಖ್ಯೆಯನ್ನು ಬೇಕೆಂದೇ ಸ್ಟ್ರಿಂಗ್ ಆಗಿ ಇಟ್ಟಿದ್ದರು. ಸೊನ್ನೆ ಕಳೆದುಕೊಂಡು ಬಂದವನಿಗೆ ಇದು ಸ್ವಲ್ಪ ಚುಚ್ಚಿತು.

ಇನ್ನು ಖಾಲಿ ಜಾಗ. ಪೊಲೀಸ್ ಕಾರ್ಯಾಚರಣೆಯ ನಂತರ 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು, ರಕ್ಷಿತ ಗೇಣಿದಾರ ಎಂಬ ಮಾತು ಬಂತು. 1954-55ರಲ್ಲಿ ಖಾಸ್ರಾ ಪಹಣಿ ಬರೆದರು, ಯಾರ ಹೊಲ, ಯಾರು ಉಳುತ್ತಿದ್ದಾರೆ ಅಂತ. ಆಮೇಲೆ 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ. ನಮೂನೆ 7 ಕೊಟ್ಟ ಗೇಣಿದಾರ ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಪಹಣಿಯ ಆ ಕಾಲಮ್ಮಿನಲ್ಲಿ ಹೆಸರಿದೆಯೋ ಇಲ್ಲವೋ ಎನ್ನುವುದು ದೊಡ್ಡ ಸಾಕ್ಷಿ. ಅಡ್ಡಗೆರೆ ಎಳೆದಿದ್ದರೆ ಗೇಣಿದಾರ ಇಲ್ಲ ಅಂತ ಯಾರೋ ನೋಡಿ ಬರೆದಿದ್ದಾರೆ. ಖಾಲಿ ಬಿಟ್ಟಿದ್ದರೆ ಯಾರೂ ನೋಡಿಯೇ ಇಲ್ಲದಿರಬಹುದು. ಮೊಂಗೋಡಿಬಿಯಲ್ಲಿ 'ಗೇಣಿದಾರ ನಲ್' ಅಂತ ಸುಮ್ಮನೆ ಹುಡುಕಿದರೆ ನಲ್ ಇಟ್ಟವೂ ಬರುತ್ತವೆ, ಫೀಲ್ಡೇ ಇಲ್ಲದವೂ ಬರುತ್ತವೆ. ಬಗೆ ಹಿಡಿದು, 10 ಅಂತ ಕೇಳಿದರೆ ಮಾತ್ರ ನಲ್ ಅಂತ ಬರೆದಿಟ್ಟವು ಬೇರೆಯಾಗುತ್ತವೆ. ನಾನು ಅಡ್ಡಗೆರೆಗೆ ನಲ್ ಇಟ್ಟೆ, ಖಾಲಿ ಇದ್ದಲ್ಲಿ ಫೀಲ್ಡೇ ಹಾಕಲಿಲ್ಲ. ನಮ್ಮ ಮನೆಯವರು ಹೊಲ ಕೊಟ್ಟವರೋ ಹೊಲ ಪಡೆದವರೋ ಎನ್ನುವುದು ಈ ಒಂದು ವ್ಯತ್ಯಾಸದಲ್ಲಿ ಕೂತಿದೆ ಅಂತ ಆಗ ಅಪ್ಪನಿಗೂ ಗೊತ್ತಿರಲಿಲ್ಲ. ಎರಡೂ ಆಗಿದ್ದೇವೆ, ಬೇರೆ ಬೇರೆ ಸರ್ವೆ ನಂಬರಿನಲ್ಲಿ.

ತೆಲುಗು ಕಾಗದ ಯಾಕೆ ಅಂದಿರಾ? 1956ರ ನವೆಂಬರ್ 1ಕ್ಕೆ ರಾಜ್ಯಗಳು ಮರುವಿಂಗಡಣೆಯಾದಾಗ ಗುಲಬರ್ಗಾ ಜಿಲ್ಲೆ ಮೈಸೂರಿಗೆ ಬಂತು, ಆದರೆ ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸೇಡಂ, ಚಿಂಚೋಳಿಯವರ ಬೀಗರು ಒಂದೇ ರಾತ್ರಿಯಲ್ಲಿ ಬೇರೆ ರಾಜ್ಯದವರಾದರು. ಅತ್ತೆಯ ಹೊಲದ ದಾಖಲೆ ಅಲ್ಲಿಂದ ಮುಂದೆ ತೆಲುಗಿನಲ್ಲಿ ಬೆಳೆಯಿತು.

ಆಮೇಲೆ ಬಂದದ್ದು ಭೂಮಿ ಯೋಜನೆ. 2002ರ ಹೊತ್ತಿಗೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಅದನ್ನು ಬೈಯುವವರು ನಮ್ಮ ಕಡೆ ಬಹಳ, ನನಗೆ ಮಾತ್ರ ಈಗ ಗೌರವ ಜಾಸ್ತಿಯಾಗಿದೆ. ಅರವತ್ತೊಂದು ಕಾಗದಕ್ಕೇ ನನ್ನ ಬೆವರು ಇಳಿದಿದೆ.

ಸರಿಮಾಡಿದ್ದು ಹೀಗೆ. ವಿಸ್ತೀರ್ಣವನ್ನು ಪೂರ್ತಿ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಟ್ಟೆ: 2 ಎಕರೆ 20 ಗುಂಟೆ ಅಂದರೆ 100 ಗುಂಟೆ, 1600 ಆಣೆ. ಪಕ್ಕದಲ್ಲಿ ಕಾಗದದಲ್ಲಿದ್ದ ಹಾಗೇ ಅಕ್ಷರದಲ್ಲಿ ಇನ್ನೊಂದು ಫೀಲ್ಡ್. ದಿನಾಂಕದ ಜತೆಗೆ ಪಂಚಾಂಗದ ಹೆಸರು, ಮೊತ್ತದ ಜತೆಗೆ ನಾಣ್ಯದ ಹೆಸರು. ಇನ್ನು ಮೇಲೆ ಬೇರೆ ಬಗೆ ಬಂದರೆ ಬಾಗಿಲಲ್ಲೇ ನಿಲ್ಲಿಸುವ ಹಾಗೆ ಸ್ಕೀಮಾ ವ್ಯಾಲಿಡೇಶನ್ ಹಾಕಿದೆ. ಮೊದಲೇ ಹಾಕಬೇಕಿತ್ತು.

ಹಳ್ಳದ ಹೊಲದ ಮೂಲ ಕಾಗದ ಉರ್ದುವಿನದು. ಮಾಸ್ತರು ಕನ್ನಡಕ ಏರಿಸಿ "ದೋ ಎಕರ್, ಬೀಸ್ ಗುಂಟಾ" ಅಂತ ಓದಿದರು. ಅಲ್ಲಿಂದಲೇ ಕಾಕಾಗೆ ಫೋನ್ ಹಚ್ಚಿ ಕೊಟ್ಟೆ. "ನಾ ಹೇಳಿದ್ನಿಲ್ಲೋ" ಅಂದರು ಕಾಕಾ, ಮತ್ತೆ ಮಾಸ್ತರಿಗೆ "ಸಾಹೇಬ್ರ, ಅದರಾಗ ಬಾವಿ ಯಾರ ಪಾಲಿಗ್ ಬರ್ತದ ಅದೂ ಓದ್ರಿ" ಅಂತ ಶುರುಮಾಡಿದರು. ಬಾವಿಯ ಮಾತು ಕಾಗದದಲ್ಲಿ ಇರಲಿಲ್ಲ. ಒಂಬತ್ತರಲ್ಲಿ ಆರು ಸರಿಹೋದವು. ಉಳಿದ ಮೂರರ ಮೂಲವನ್ನು ಗೆದ್ದಲು ತಿಂದಿದೆ, ಸೇಡಂ ತಹಸೀಲ್ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಆ ಮೂರು ಹೊಲಗಳ ವಿಸ್ತೀರ್ಣದ ಬಗೆ 10.